ನಾರು ಬಿಡಿಸಿದ ಕಿತ್ತಳೆ

ಹೆಗಲ ಹೊಲಿಗೆ ಬಿಟ್ಟಿದೆ, ಎಡಗಡೆ, ಕಾಲರಿಗಿಂತ ತುಸು ಕೆಳಗೆ — ಅರೆತೆರೆದ ಬಾಗಿಲಿನಾಚೆ ಸರ್ಕಾರಿ ವಕೀಲರು ಕೈಯೆತ್ತಿ ಮಾತಾಡಿದಾಗಲೆಲ್ಲ ಕರಿಕೋಟು ಬಾಯಿ ಬಿಡುತ್ತದೆ, ಒಳಗಿನ ಬಿಳಿ ಅಂಗಿ ಇಣುಕುತ್ತದೆ, ಮತ್ತೆ ಮುಚ್ಚುತ್ತದೆ, ಇಷ್ಟು ಓದಿದವರ ಮನೆಯಲ್ಲಿ ಒಂದು ಸೂಜಿ ಇಲ್ಲವೇ, ಒಳಮಗ್ಗುಲಿಂದ ಹಿಡಿದು ಎರಡು ಸಾಲು ಓಡಿಸಿದರೆ ಇನ್ನೂ ಎಷ್ಟೋ ವರ್ಷ ಬಾಳುವ ಕೋಟು, ಅವಳ ಅಂಗಡಿಗೆ ತಂದಿದ್ದರೆ ನಿಂತ ಕಾಲಲ್ಲೇ ಹಾಕಿ ಕೊಡುತ್ತಿದ್ದಳು — ಅಯ್ಯೋ, ತಮ್ಮನನ್ನು ಹೊರದೇಶಕ್ಕೆ ಹಿಡಿದುಕೊಡಲು ನಿಂತವರ ಕೋಟಿಗೆ ಹೊಲಿಗೆ ಹಾಕಲು ಹೊರಟಳಲ್ಲ, ಬುದ್ಧಿ ಎಲ್ಲಿ ಮೇಯಲು ಹೋಗಿದೆಯೋ. ಸಾಕ್ಷಿಗಳು ಹೊರಗೇ ಕೂರಬೇಕೆಂದು ಜವಾನ ಹೇಳಿದ್ದಾನೆ, ಕೂತಿದ್ದಾಳೆ, ಮರದ ಬೆಂಚು, ಯಾರಯಾರೋ ಕೂತು ಕೂತು ನುಣುಪಾದ ಬೆಂಚು, ಪಕ್ಕದಲ್ಲಿ ಬೀಗಿತ್ತಿ, ಮಗಳ ಅತ್ತೆ, ಬರಬೇಡಿ ಎಂದರೂ ಕೇಳದೆ ನೀರಿನ ಬಾಟಲಿ ಹಿಡಿದು ಬಂದಿರುವವರು, ಕಷ್ಟಕಾಲದಲ್ಲಿ ಬರದೆ ಇರೋಕೆ ನಾವೇನು ಹೊರಗಿನವರಾ ಎಂದವರು, ಬಂದ ಗಳಿಗೆಯಿಂದ ಬಾಯಿಗೆ ಬಿಡುವಿಲ್ಲ, ಅಲ್ಲ ಕಣ್ರೀ, ತಲೆ ಸರಿಯಿಲ್ಲ ಅಂತ ಸರ್ಟಿಫಿಕೇಟು ತಗೊಂಡು ಬದುಕೋದೂ ಒಂದು ಬದುಕಾ, ನಾಳೆ ಮೊಮ್ಮಕ್ಕಳಿಗೆ ಹೆಣ್ಣೋ ಗಂಡೋ ನೋಡೋವಾಗ ಜನ ಕೇಳಲ್ವಾ, ಇರಲಿ ಬಿಡಿ, ನಿಮ್ಮ ಮನೇಲಿ ಇದು ಹೊಸದು ತಾನೆ, ಹಿಂದೆ ಯಾರಿಗೂ ಇರಲಿಲ್ಲವಲ್ಲ. ಇರಲಿಲ್ಲ, ಎನ್ನುತ್ತಾಳೆ ಅವಳು, ಆ ಮಾತು ನಾಲಿಗೆಯ ಮೇಲೆ ಯಾವಾಗಲೂ ದಾರ ಪೋಣಿಸಿಟ್ಟ ಸೂಜಿಯಂತೆ ಸಿದ್ಧವಾಗಿರುತ್ತದೆ, ಹುಡುಕಬೇಕಾಗಿಲ್ಲ, ಇರಲಿಲ್ಲ. ಲಿಫ್ಟಿನ ಗಂಟೆ ಟಿಣ್ ಎನ್ನುತ್ತದೆ, ಬಾಗಿಲು ಸರಿಯುತ್ತದೆ, ಅವಳು ತಲೆಯೆತ್ತಿ ನೋಡುತ್ತಾಳೆ.

ತಮ್ಮ ಅದರಲ್ಲಿ ಬರುವುದಿಲ್ಲ, ಅವನು ಮೆಟ್ಟಿಲು — ಈ ಹೊತ್ತಿಗೆ ಎರಡನೆಯ ಮಹಡಿಯಲ್ಲಿರಬೇಕು, ಕೈಗೆ ಬೇಡಿ, ಆಚೆ ಈಚೆ ಇಬ್ಬರು ಪೊಲೀಸರು, ವಿಚಾರಣೆಯ ದಿನ ಬಂತೆಂದರೆ ಅವರಿಗೆ ಪ್ರಾಣಸಂಕಟ, ಲಿಫ್ಟಿನ ಬಾಗಿಲ ಮುಂದೆ ನಿಲ್ಲಿಸಿದರೆ ತಮ್ಮ ಬೆವರಿ ಕುಸಿದೇ ಬಿಡುತ್ತಾನಂತೆ, ಹಾಗಾಗಿ ನಾಲ್ಕು ಮಹಡಿಯನ್ನೂ ಅವನೊಂದಿಗೆ ಹತ್ತುತ್ತಾರೆ, ದಪ್ಪ ಹೊಟ್ಟೆಯ ಹಿರಿಯ ಪೊಲೀಸಪ್ಪ ಅವನಿಗೆ ಮೆಟ್ಟಿಲಪ್ಪ ಎಂದೇ ಹೆಸರಿಟ್ಟಿದ್ದಾನೆ, ಏನಪ್ಪಾ ಮೆಟ್ಟಿಲಪ್ಪ, ನಿನ್ನ ಕೇಸು ಮುಗಿಯೋದ್ರೊಳಗೆ ನನಗೆ ಪೆನ್ಶನ್ ಅಲ್ಲ, ಸೊಂಟನೋವು ಬರುತ್ತೆ. ಲಿಫ್ಟು ರಿಪೇರಿಯವನಿಗೆ ಲಿಫ್ಟೇ ಯಮನಾದದ್ದು. ಚಿಕ್ಕಂದಿನಲ್ಲಿ ಬೀಗ ಬಿಚ್ಚಿ ನೋಡುವನು, ಅವಳ ಹೊಲಿಗೆ ಯಂತ್ರ ಬಿಚ್ಚಿ ನೋಡುವನು, ಬಿಚ್ಚಿದ್ದನ್ನು ಕೂಡಿಸುವನು, ಅಂಥ ಕೈ, ಆ ಕೈಯನ್ನೇ ನಂಬಿ ಆ ದೇಶಕ್ಕೆ ಹೋದ, ಎತ್ತರದ ಕಟ್ಟಡಗಳ ಲಿಫ್ಟು ನೋಡಿಕೊಳ್ಳುವ ಕೆಲಸ, ಮೊದಲ ಬಾರಿ ಜೈಲಿನ ಮೇಜಿನಾಚೆ ಕೂತು ಹೇಳಿದ್ದನಲ್ಲ, ತಲೆಯೆತ್ತದೆ, ಮೇಜಿಗೇ ಹೇಳುವವನಂತೆ — ಬಾಗಿಲು ಪೂರ್ತಿ ಮುಚ್ಚದೆ ಲಿಫ್ಟು ಕದಲಬಾರದು ಅಕ್ಕ, ಅದಕ್ಕೊಂದು ಸ್ವಿಚ್ಚಿರುತ್ತೆ, ಅದು ಕೆಟ್ಟಿತ್ತು, ಹೊಸದು ಬರೋಕೆ ಎರಡು ದಿನ ಬೇಕಿತ್ತು, ಕಟ್ಟಡದವನು ಬಾಡಿಗೆಯವರು ಬಾಯಿ ಬಡ್ಕೋತಾರೆ ಹೇಗಾದ್ರೂ ಓಡಿಸು ಅಂದ, ನಾನು ಒಂದು ಬೆರಳುದ್ದ ತಂತಿ ಸೇರಿಸಿದೆ, ಬಾಗಿಲು ತೆರೆದಿದ್ದರೂ ಮುಚ್ಚಿದೆ ಅಂತ ಲಿಫ್ಟಿಗೆ ಸುಳ್ಳು ಹೇಳಿಕೊಟ್ಟೆ, ಅಷ್ಟೇ ಅಕ್ಕ, ಬೆರಳುದ್ದ. ಸಂಜೆ ಮೇಲಿನ ಮಹಡಿಯ ಒಬ್ಬ ಟೀಚರು, ಕೆಲಸದಿಂದ ನಿವೃತ್ತರಾದವರು, ಬಾಗಿಲು ತೆರೆದಿದೆಯಲ್ಲ ಎಂದು ಕಾಲಿಟ್ಟರು, ಅಲ್ಲಿ ಲಿಫ್ಟಿರಲಿಲ್ಲ. ಕಂಪನಿಯವರು ರಾತ್ರೋರಾತ್ರಿ ಟಿಕೆಟ್ಟು ಕೈಗಿಟ್ಟು ವಿಮಾನ ಹತ್ತಿಸಿ ತಪ್ಪನ್ನೆಲ್ಲ ಅವನ ಬೆನ್ನಿಗೆ ಕಟ್ಟಿದರು, ಆ ದೇಶ ಈಗ ಅವನನ್ನು ಕೇಳುತ್ತಿದೆ, ಈ ದೇಶದ ಸರ್ಕಾರ ಒಪ್ಪಿಸಲು ತಯಾರಾಗಿದೆ, ನಡುವೆ ಉಳಿದಿರುವುದು ಈ ಬಾಗಿಲಾಚೆಯ ಕೋಣೆ, ಅದರೊಳಗಿನ ಒಬ್ಬ ನ್ಯಾಯಾಧೀಶರು, ಮತ್ತೆ ತಮ್ಮನ ತಲೆಯೊಳಗಿನ ಕತ್ತಲು.

ಆ ಕತ್ತಲೇ ನಮ್ಮ ಆಧಾರ ಎಂದಳಲ್ಲ ತಮ್ಮನ ವಕೀಲೆ, ಮಗಳ ವಯಸ್ಸಿನ ಹುಡುಗಿ, ಅಕ್ಕಾ ಅಕ್ಕಾ ಎಂದು ಕೈ ಹಿಡಿದು ಮಾತಾಡುವವಳು — ಅವರು ತಪ್ಪು ಮಾಡಿಲ್ಲ ಅಂತ ನಾವು ವಾದ ಮಾಡ್ತಿಲ್ಲ ಅಕ್ಕಾ, ಅದು ಈ ಕೋರ್ಟಿನ ಕೆಲಸ ಅಲ್ಲ, ಅಲ್ಲಿಗೆ ಕಳಿಸಿದರೆ ಒಂಟಿ ಕೋಣೇಲಿ ಹಾಕ್ತಾರೆ, ವಿಚಾರಣೆ ಶುರುವಾಗೋಕೆ ವರ್ಷಗಳಾಗುತ್ತೆ, ಇವರ ಮನಸ್ಸಿನ ಸ್ಥಿತೀಲಿ ಅಲ್ಲಿ ಇವರು ತಮ್ಮ ಜೀವ ತಾವೇ ತಕ್ಕೊಳ್ತಾರೆ, ಬದುಕಿ ಉಳಿಯಲ್ಲ, ಇಷ್ಟೇ ನಮ್ಮ ವಾದ, ಅದಕ್ಕೇ ಅಕ್ಕಾ, ಏನು ಕೇಳಿದರೂ ಚೆನ್ನಾಗಿದ್ದಾನೆ ಅಂತ ಮಾತ್ರ ಹೇಳ್ಬೇಡಿ. ಇದೆಂಥ ವರಸೆಯಪ್ಪ, ಊರಿಗೆಲ್ಲ ಕಾಯಿಲೆ ವಾಸಿಯಾಗಲಿ ಎಂಬ ಆಸೆ, ಇವಳೊಬ್ಬಳಿಗೆ ವಾಸಿಯಾದರೆ ಕೇಡು, ತಮ್ಮ ಒಂದು ತುತ್ತು ಹೆಚ್ಚಿಗೆ ಉಂಡರೆ ಸರ್ಕಾರದ ಡಾಕ್ಟರು ಬರೆದುಕೊಳ್ಳುತ್ತಾರೆ, ಒಂದು ಸಲ ನಕ್ಕರೆ ಅದೂ ಪುರಾವೆ, ಕತ್ತಲಲ್ಲೇ ಇರು ಕಂದ, ಹೊರಗೆ ಬಂದರೆ ಹಿಡಿದುಕೊಂಡು ಹೋಗುತ್ತಾರೆ ಎಂದು ಯಾವ ಅಕ್ಕ ತಾನೇ ಹೇಳಿಯಾಳು. ಎಷ್ಟು ತಿಂಗಳು ಅವನ ನೆತ್ತಿಯೊಂದಿಗೇ ಮಾತಾಡಿದಳು, ಅವನು ಮುಖವೆತ್ತುತ್ತಿರಲಿಲ್ಲ, ಸ್ನಾನವಿಲ್ಲ, ಇಸ್ತ್ರಿಗೆ ಬಾರದೆ ಮುದುರಿ ಬಿದ್ದ ಬಟ್ಟೆಯ ಹಾಗೆ ಕೂತಿರುತ್ತಿದ್ದ, ತಂದ ಬಾಳೆಹಣ್ಣು ಅಲ್ಲೇ ಕಪ್ಪಾಗುತ್ತಿತ್ತು. ಹೋದ ವಾರ ಎದ್ದು ಹೊರಡುವಾಗ ಹಿಂದಿನಿಂದ ಒಂದು ಸ್ವರ, ಮುಂದಿನ ಸಲ ಕಿತ್ತಳೆ ತರ್ತೀಯಾ ಅಕ್ಕ. ಅವನಾಗಿ ಅವನು ಕೇಳಿದ. ಬಸ್ಸಿನಲ್ಲಿ ಕೂತು ಅತ್ತಳು, ಸಂತೋಷಕ್ಕೆ, ಪಕ್ಕದವರು ಯಾರೋ ತೀರಿಹೋದರೇನೋ ಎಂದುಕೊಂಡು ಸರಿದು ಕೂತರು. ನಿನ್ನೆ ಗಾಡಿಯವನ ಬಳಿ ಒಂದೊಂದನ್ನೂ ಒತ್ತಿ ನೋಡಿ ಆರಿಸಿದಳು, ಹಣ್ಣು ಒತ್ತಬೇಡಮ್ಮ ಅದೂ ಜೀವಾನೇ ಎಂದ ಗಾಡಿಯವನು, ಜೈಲಿನ ನಿಯಮ ಒಂದೇ, ಹಣ್ಣು ಇಡಿಯಾಗಿ ತರಬೇಕು, ಕಾವಲಿನವನ ಕಣ್ಣೆದುರೇ ಸುಲಿಯಬೇಕು.

ಸುಲಿದ. ಎಷ್ಟು ಚೆನ್ನಾಗಿದ್ದ ನಿನ್ನೆ, ಗಡ್ಡ ಬೋಳಿಸಿದ್ದ, ತಲೆ ಬಾಚಿದ್ದ, ಮುಖ ತೊಳೆದಿಟ್ಟ ತಟ್ಟೆಯ ಹಾಗೆ ತಿಳಿಯಾಗಿತ್ತು, ಹೊಲಿಗೆ ಯಂತ್ರದ ಬೆಲ್ಟು ಬದಲಾಯಿಸಿದೆಯಾ ಅಕ್ಕ ಎಂದು ಕೇಳಿದ, ತಿಂಗಳಿಗೊಮ್ಮೆ ಎಣ್ಣೆ ಬಿಡೋದು ಮರೀಬೇಡ, ನಾನಿಲ್ಲ ಅಂತ ತುಕ್ಕು ಹಿಡಿಸಬೇಡ ಎಂದ, ಪೊಲೀಸಪ್ಪ ಮೆಟ್ಟಿಲು ಹತ್ತುವುದನ್ನು ಅಣಕಿಸಿ ತೋರಿಸಿದ, ನಕ್ಕ, ಕಾವಲಿನವನೂ ನಕ್ಕ, ಸ್ವೆಟರು ಮಡಿಸಿ ಅವಳ ಕಡೆ ತಳ್ಳಿದ, ತಗೊಂಡು ಹೋಗು, ಇಲ್ಲಿ ಸೆಕೆ, ಸುಮ್ನೆ ಜಾಗ ತಿನ್ನುತ್ತೆ, ಆಮೇಲೆ ಹಣ್ಣಿಗೆ ಉಗುರು ಊರಿ ಸಿಪ್ಪೆಯನ್ನು ಹರಿಯದಂತೆ ಸುತ್ತಿ ತೆಗೆದ, ತೊಳೆ ತೊಳೆ ಬಿಡಿಸಿದ, ಒಂದೊಂದು ತೊಳೆಯನ್ನೂ ಬೆಳಕಿಗೆ ಹಿಡಿದು ಬಿಳಿಯ ನಾರನ್ನು ಎಳೆಯೆಳೆಯಾಗಿ ಕಿತ್ತ, ಅವಳು ಸುಮ್ಮನೆ ನೋಡಿದಳು, ಆ ಬೆರಳು ಮತ್ತೆ ಕೆಲಸಕ್ಕೆ ಕೂತಿತಲ್ಲ ಎಂದು, ಕರವಸ್ತ್ರದ ಮೇಲೆ ಜೋಡಿಸಿಟ್ಟು ತಿನ್ನು ಎಂದ, ನೀನು ಎಂದಳು, ನೀ ತಿನ್ನು ಎಂದ, ಕಾವಲಿನವನಿಗೂ ಒಂದು ತೊಳೆ ಕೊಟ್ಟ, ಅವಳು ತಿಂದಳು, ಸಿಹಿ, ಎಳ್ಳಷ್ಟೂ ಒಗರಿಲ್ಲ, ಯಾರಾದರೂ ಅಷ್ಟು ಶುದ್ಧವಾಗಿ ಬಿಡಿಸಿಕೊಟ್ಟು ಎಷ್ಟು ಕಾಲವಾಗಿತ್ತು, ಎಷ್ಟು — ಸ್ಟೀಲಿನ ತಟ್ಟೆ, ಮೇಲೆ ಬೋರಲಾಗಿ ಮುಚ್ಚಿದ ಇನ್ನೊಂದು ತಟ್ಟೆ, ನೊಣ ಕೂರದಿರಲಿ ಎಂದು — ಬೇಡ, ಅದು ಈಗ ಬೇಡ. ನಿನ್ನೆ ಮನೆಗೆ ಹೋಗಿ ಎಷ್ಟೋ ಕಾಲದ ಮೇಲೆ ಕಣ್ತುಂಬ ನಿದ್ದೆ ಮಾಡಿದಳು. ನೀರು ಕುಡೀರಿ, ಗಂಟಲು ಒಣಗಿರುತ್ತೆ ಎನ್ನುತ್ತಾರೆ ಬೀಗಿತ್ತಿ, ಕುಡಿಯುತ್ತಾಳೆ, ನೀರಿಗೆ ಪ್ಲಾಸ್ಟಿಕ್ಕಿನ ವಾಸನೆ, ಎದುರಿನ ಗೋಡೆಗೆ ಹೊಸ ಸುಣ್ಣ, ಮೂಲೆಯಲ್ಲಿ ಹಳೆಯದು ಹಕ್ಕಳೆಯೆದ್ದಿದೆ.

ತಟ್ಟೆ ಸರಿಯುವುದಿಲ್ಲ. ಅಂದು ಭಾನುವಾರ, ಅಪ್ಪನಿಗೆ ರಜ, ಬಸ್ಸು ಓಡಿಸುವ ಅಪ್ಪ, ಎಷ್ಟೋ ದಿನದಿಂದ ನಿದ್ದೆಯಿಲ್ಲದೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ ಅಪ್ಪ, ಅಂದು ಬೆಳಿಗ್ಗೆ ಎದ್ದು ಗಡ್ಡ ಹೆರೆದುಕೊಂಡಿದ್ದರು, ಅಮ್ಮನೊಡನೆ ಏನೋ ಹೇಳಿ ನಕ್ಕಿದ್ದರು, ಅಬ್ಬ ಗ್ರಹಣ ಬಿಟ್ಟಿತು ಎಂದಿದ್ದಳು ಅಮ್ಮ, ಅಪ್ಪ ಕಿಟಕಿಯ ಬಳಿ ಕೂತು ಹಣ್ಣು ಬಿಡಿಸುತ್ತಿದ್ದರು, ತಮ್ಮ ತೊಡೆಗೆ ಒರಗಿ ನಿಂತಿದ್ದ, ಆರು ವರ್ಷದ ಪುಟ್ಟ ಬೊಕ್ಕಬಾಯಿ, ಮುಂದಿನ ಹಲ್ಲು ಬಿದ್ದಿತ್ತು, ನಾರು ಸಿಕ್ಕಿಕೊಳ್ಳುತ್ತದೆಂದು ಅಪ್ಪ ಒಂದೊಂದನ್ನೂ, ಒಂದೊಂದನ್ನೂ, ಆಮೇಲೆ ತಟ್ಟೆ ಮುಚ್ಚಿ, ಅಕ್ಕ ಬಂದ ಮೇಲೆ ಇಬ್ಬರೂ ತಿನ್ನಿ ಎಂದು ಹೊರಗೆ ಹೋದರು, ಬಂದೆ ಎಂದು ಹೋದ ಅಪ್ಪ ನಡೆದು ಬರಲಿಲ್ಲ. ಬೀದಿ ನಲ್ಲಿಯ ಸಾಲಿನಲ್ಲಿ ನಿಂತು ಅವಳು ನೀರು ಹಿಡಿದುಕೊಂಡು ಬರುವಷ್ಟರಲ್ಲಿ ಮನೆ ತುಂಬ ಜನ, ಆ ಜನರ ಕಾಲುಗಳ ನಡುವೆ ಕೂತು ತಮ್ಮ ಒಬ್ಬನೇ ತೊಳೆ ತಿನ್ನುತ್ತಿದ್ದ, ಅವಳ ಪಾಲನ್ನು ತಟ್ಟೆಯಲ್ಲಿ ಉಳಿಸಿ. ಚಿಕ್ಕಪ್ಪ ಯಾವ ಡಾಕ್ಟರನ್ನು ಹಿಡಿದರೋ, ಯಾರ ಕೈ ಬಿಸಿ ಮಾಡಿದರೋ, ಸಂಜೆಯೊಳಗೆ ಅದು ಎದೆನೋವಾಗಿತ್ತು, ಅಮ್ಮ ಅಕ್ಕತಮ್ಮ ಇಬ್ಬರನ್ನೂ ಒಳಕೋಣೆಗೆ ಕರೆದು ಬಾಗಿಲು ಹಾಕಿ ಗದ್ದ ಹಿಡಿದು ಕಲಿಸಿದಳು, ಅಪ್ಪ ಹಾರ್ಟಲ್ಲಿ ಹೋದ್ರು, ಹೇಳಿ ನೋಡೋಣ, ಅಪ್ಪ ಹಾರ್ಟಲ್ಲಿ ಹೋದ್ರು, ಇನ್ನೊಂದ್ಸಲ. ನಂಬದವರು ಇದ್ದೇ ಇದ್ದರು, ಬೀದಿಯವರು, ಡಿಪೋದವರು, ದೂರದ ನೆಂಟರು, ಅವರಿಗೆಲ್ಲ ಅಮ್ಮನ ಬಳಿ ಒಂದೇ ಉತ್ತರ, ಎದೆಗೆ ಕೈಯಿಟ್ಟುಕೊಂಡು ಕೇಳುವಳು, ಸಾಯೋನು ಯಾರಾದ್ರೂ ಮಕ್ಕಳಿಗೆ ಹಣ್ಣು ಬಿಡಿಸಿಡ್ತಾನಾ, ಹೇಳಿ, ನಾರು ತೆಗೆದು ಬಿಡಿಸಿಡ್ತಾನಾ. ಬಂದವರು ಸುಮ್ಮನಾಗುವರು. ಆ ಒಂದು ತಟ್ಟೆ ಹಣ್ಣಿನ ಮೇಲೆ ಮನೆಯ ಮಾನವೆಲ್ಲ ನಿಂತಿತು, ಅದರ ಮೇಲೆಯೇ ಅವಳ ಮದುವೆಯಾಯಿತು, ಅವಳ ಮಗಳ ಮದುವೆಯಾಯಿತು, ಹೇಳುತ್ತ ಹೇಳುತ್ತ ಅಮ್ಮನೇ ನಂಬಿದಳು, ನಂಬಿಕೊಂಡೇ ಕಣ್ಣು ಮುಚ್ಚಿದಳು. ತಮ್ಮ ಆಮೇಲೆ ಎಂದೂ ಕಿತ್ತಳೆ ಮುಟ್ಟಲಿಲ್ಲ, ಶೀತ ಆಗುತ್ತೆ ಎನ್ನುತ್ತಿದ್ದ, ಶೀತದ ಮೈ ಎಂದುಕೊಂಡರು ಎಲ್ಲರೂ.

ಎಂದೂ ಮುಟ್ಟಲಿಲ್ಲ, ನಿನ್ನೆ ಮುಟ್ಟಿದ, ಅಂದರೆ ಗುಣವಾಗುತ್ತಿದ್ದಾನೆ, ಹಳೆಯದೆಲ್ಲ ಮರೆಯುತ್ತಿದ್ದಾನೆ, ಹೌದಲ್ಲ, ಹೌದು, ಬೇರೇನು — ಬೂಟಿನ ಸದ್ದು, ಬಂದರು, ಪೊಲೀಸಪ್ಪ ಮೊದಲು ಗೋಡೆಗೆ ಕೈಯೂರಿ ಏದುಸಿರು ಬಿಡುತ್ತಾನೆ, ತಮ್ಮ ಅವನ ಬೆನ್ನು ತಟ್ಟುತ್ತಾನೆ, ಬೇಡಿ ಹಾಕಿದ ಎರಡೂ ಕೈಯಿಂದ, ನೋಡಮ್ಮ, ಕಳ್ಳ ಪೊಲೀಸಿಗೆ ಆರೈಕೆ ಮಾಡೋ ಕಾಲ ಬಂತು ಎನ್ನುತ್ತಾನೆ ಪೊಲೀಸಪ್ಪ, ತಮ್ಮ ಅವಳತ್ತ ನೋಡಿ ನಗುತ್ತಾನೆ, ಊಟ ಆಯ್ತಾ ಅಕ್ಕ, ಆಯ್ತು ಕಣೋ, ಅವನು ಒಳಗೆ ಹೋಗುತ್ತಾನೆ, ತೆಳ್ಳಗಿನ ಕತ್ತು, ಒಂದು ಗುಂಡಿ ಮೇಲು ಕೆಳಗಾಗಿರುವ ಅಂಗಿ. ವಕೀಲೆ ಕೇಳಿದ್ದಳಲ್ಲ, ಎರಡು ಸಲ, ತನ್ನ ಕಚೇರಿಯಲ್ಲಿ, ಬಾಗಿಲು ಹಾಕಿ, ಮನೇಲಿ ಹಿಂದೆ ಯಾರಾದ್ರೂ ಹೀಗೆ ಮಾಡಿಕೊಂಡಿದ್ರಾ ಅಕ್ಕಾ, ತಂದೆ, ತಾತ, ಯಾರಾದ್ರೂ, ಇದು ನಾಚಿಕೆ ವಿಷಯ ಅಲ್ಲ, ಇದ್ರೆ ನಮ್ಮ ಡಾಕ್ಟರ ಮಾತಿಗೆ ತೂಕ ಬರುತ್ತೆ, ನ್ಯಾಯಾಧೀಶರು ಅದನ್ನ ತಳ್ಳಿಹಾಕೋಕಾಗಲ್ಲ. ಇಲ್ಲ ಎಂದಳು, ಎರಡು ಸಲವೂ, ಕೇಳಿ ಮುಗಿಯುವ ಮೊದಲೇ ಎಂದುಬಿಟ್ಟಳು, ಅಪ್ಪ ಹಾರ್ಟಲ್ಲಿ ಹೋದ್ರು, ಹೇಳಿ ಹೊರಗೆ ಬಂದು ರಸ್ತೆಯ ತುದಿಯಲ್ಲಿ ನಿಂತಳು, ಹಿಂದೆ ಹೋಗಬೇಕು, ಈಗಲೇ ಹೋಗಿ ಹೇಳಬೇಕು, ಕಾಲು ಏಳಲಿಲ್ಲ, ಒಳಕೋಣೆಯಲ್ಲಿ ಅಮ್ಮ ಗದ್ದ ಹಿಡಿದೇ ಇದ್ದಳು, ಬೀಗರ ಮನೆಯಲ್ಲಿ ಮಗಳು ಎರಡು ತಿಂಗಳ ಬಸುರಿ, ನುಂಗಲೂ ಆಗದ ಉಗುಳಲೂ ಆಗದ ತುತ್ತು ಅದು, ಮಾರನೆಯ ದಿನ ಪೆಟ್ಟಿಗೆಯಿಂದ ಅಪ್ಪನ ಮರಣಪತ್ರ ತೆಗೆದು ತಾನೇ ಒಯ್ದು ವಕೀಲೆಗೆ ಕೊಟ್ಟಳು, ನೋಡಮ್ಮ, ಇದರಲ್ಲೂ ಹಾಗೇ ಬರೆದಿದೆ, ವಕೀಲೆ ಅದನ್ನೂ ಉಳಿದ ಕಾಗದಗಳ ಜೊತೆ ಕೋರ್ಟಿಗೆ ಕೊಟ್ಟಳು. ಇವತ್ತು ಹೇಳಬಹುದು. ಕರೆದಾಗ ಒಳಗೆ ಹೋಗಿ ಹೇಳಬಹುದು. ಹಿಂದಿನ ಬೆಂಚಿನಲ್ಲಿ ಬೀಗಿತ್ತಿ ಕೂತಿರುತ್ತಾರೆ, ಕಟಕಟೆಯಲ್ಲಿ ತಮ್ಮ, ಅವನೂ ಹಾರ್ಟು ಎಂದೇ ನಂಬಿ ಬೆಳೆದವನು, ಕತ್ತಲಲ್ಲಿರುವವನ ತಲೆಗೆ ಇನ್ನೊಂದು ಕಂಬಳಿ ಹೊದಿಸಿದಂತಾಗದೇ, ಅದೂ ಅವನು ಇಷ್ಟು ಚೆನ್ನಾಗಿರುವ ಹೊತ್ತಿನಲ್ಲಿ — ಜವಾನ ಕೂಗುತ್ತಾನೆ. ಧೈರ್ಯವಾಗಿ ಹೋಗಿ ಬನ್ನಿ, ನಾನು ಹಿಂದೇನೇ ಕೂತಿರ್ತೀನಿ ಎನ್ನುತ್ತಾರೆ ಬೀಗಿತ್ತಿ.

ಸಾಕ್ಷಿಕಟ್ಟೆಯ ಅಂಚಿಗೆ ಕೈಯಿಟ್ಟರೆ ಅಂಟು, ಅವಳಿಗಿಂತ ಮೊದಲು ನಿಂತವರ ಬೆವರು, ಪ್ರಮಾಣದ ಮಾತು ಹೇಳುತ್ತಾಳೆ, ಸತ್ಯವನ್ನೇ, ಸತ್ಯವನ್ನಲ್ಲದೆ, ನ್ಯಾಯಾಧೀಶರಿಗೆ ನೆಗಡಿ, ಮೂಗಿನ ಮೇಲೆ ಕರವಸ್ತ್ರ, ವಕೀಲೆ ಮೆತ್ತಗೆ ಕೇಳುತ್ತಾಳೆ, ತಮ್ಮ ಜೈಲಿನಲ್ಲಿ ಹೇಗಿದ್ದರು, ಊಟ, ನಿದ್ದೆ, ಮಾತು, ಅವಳು ಮುದುರಿದ ಬಟ್ಟೆಯ ವಿಷಯ ಹೇಳುತ್ತಾಳೆ, ಕಪ್ಪಾದ ಬಾಳೆಹಣ್ಣು ಹೇಳುತ್ತಾಳೆ, ಲಿಫ್ಟಿನ ಮುಂದೆ ಕುಸಿಯುವುದು ಹೇಳುತ್ತಾಳೆ, ಒಮ್ಮೆ ಅವನು, ನಾನು ಇಲ್ಲದಿದ್ರೆ ಎಲ್ಲರಿಗೂ ಹಗುರ ಅಕ್ಕ, ಎಂದದ್ದನ್ನೂ ಹೇಳುತ್ತಾಳೆ, ವಕೀಲೆ ಸಾಕು ಎಂದು ಕಣ್ಣಲ್ಲೇ ಹೇಳಿ ಕೂರುತ್ತಾಳೆ, ತಂದೆಯ ವಿಷಯ ಅವಳು ಕೇಳುವುದೇ ಇಲ್ಲ, ಯಾಕೆ ಕೇಳಿಯಾಳು, ಇವಳೇ ಮರಣಪತ್ರ ಒಯ್ದು ಕೊಟ್ಟಿದ್ದಾಳಲ್ಲ. ಸರ್ಕಾರಿ ವಕೀಲರು ಏಳುತ್ತಾರೆ, ಹೆಗಲು ಬಾಯಿ ಬಿಡುತ್ತದೆ. ಒರಟಾಗಿ ಕೇಳುವರೆಂದು ಎದೆ ಬಿಗಿ ಮಾಡಿಕೊಂಡಿದ್ದಳು, ಅವರು ಮನೆಗೆ ಬಂದ ನೆಂಟರ ಹಾಗೆ ಕೇಳುತ್ತಾರೆ, ಹೊಲಿಗೆ ಅಂಗಡಿ ನಿಮ್ಮದೇನಾ ಅಮ್ಮ, ಹೌದು ಸ್ವಾಮಿ, ಬಹಳ ವರ್ಷದ್ದಾ, ಬಹಳ ವರ್ಷದ್ದು, ಮಗಳು ಗಂಡನ ಮನೇಲಿ ಚೆನ್ನಾಗಿದ್ದಾಳಾ, ಚೆನ್ನಾಗಿದ್ದಾಳೆ, ಕೆಲಸ ಕಾರ್ಯ ಎಲ್ಲ ಹೇಗೆ ನಡೀತಿದೆ, ಚೆನ್ನಾಗಿ ನಡೀತಿದೆ, ನಿನ್ನೆ ತಮ್ಮನ್ನ ನೋಡೋಕೆ ಹೋಗಿದ್ರಂತೆ, ಹೌದು, ಹೇಗಿದ್ರು — ಚೆನ್ನಾಗಿದ್ದ. ಬಿತ್ತು. ವಕೀಲೆಯ ಪೆನ್ನು ಮೇಜಿನ ಮೇಲೆ ಮಗುಚಿ ಬೀಳುತ್ತದೆ, ನ್ಯಾಯಾಧೀಶರು ಕರವಸ್ತ್ರ ಇಳಿಸುತ್ತಾರೆ, ಹುಟ್ಟಿದಂದಿನಿಂದ ಯಾರು ಕೇಳಿದರೂ ಅದೇ ಹೇಳಿದ ಬಾಯಿ, ಮನೆಯಲ್ಲಿ ಬೆಂಕಿ ಹತ್ತಿದ್ದರೂ ಹೊಸ್ತಿಲಲ್ಲಿ ನಿಂತು ಚೆನ್ನಾಗಿದ್ದೇವೆ ಎನ್ನುವ ಬಾಯಿ, ನಾಲಿಗೆ ತಾನಾಗಿ ನಡೆದುಹೋಯಿತು. ಚೆನ್ನಾಗಿದ್ರು, ಎಂದು ಅವರು ನಿಧಾನಕ್ಕೆ ಹೇಳುತ್ತಾರೆ, ಬರೆದುಕೊಳ್ಳುವವರಿಗೆ ಕೇಳುವಂತೆ, ಮಾತಾಡಿದ್ರಾ, ಮಾತಾಡಿದ, ನಕ್ರಾ, ಸುಳ್ಳು ಹೇಳಬೇಕು, ಕಾವಲಿನವನೂ ಇದ್ದನಲ್ಲ, ಅವರಿಗೆ ಎಲ್ಲ ಗೊತ್ತಿದೆ, ನಕ್ಕ, ಅವರಾಗೇ ಹಣ್ಣು ತರೋಕೆ ಹೇಳಿದ್ರಂತೆ, ಹೌದು, ಸುಲಿದು ನಿಮಗೇ ಕೊಟ್ರಂತೆ, ಹೌದು, ನಾರು ತೆಗೆದು ಕೊಟ್ಟ, ಎಂದು ಯಾಕೆ ಸೇರಿಸಿದಳೋ, ಯಾರೂ ಅದನ್ನು ಕೇಳಿರಲಿಲ್ಲ.

ಸರ್ಕಾರಿ ವಕೀಲರು ನ್ಯಾಯಾಧೀಶರ ಕಡೆ ತಿರುಗುತ್ತಾರೆ, ಸ್ವಾಮಿ, ಇದು ಖಿನ್ನತೆಯಲ್ಲಿ ಮುಳುಗಿದವನ ನಡತೆಯೇ, ನಾಳೆಯ ಮೇಲೆ ಆಸೆ ಕಳೆದುಕೊಂಡವನ ನಡತೆಯೇ, ಮತ್ತೆ ಅವಳ ಕಡೆ, ಕೈ ಚಾಚಿ, ನೀವೇ ಹೇಳಿ ಅಮ್ಮ, ಸಾಯೋನು ಯಾರಾದ್ರೂ ಹೀಗೆ ಹಣ್ಣು ಬಿಡಿಸಿಕೊಡ್ತಾನಾ. ಅಮ್ಮ. ಅಮ್ಮ ಎದೆಗೆ ಕೈಯಿಟ್ಟುಕೊಂಡು ಕರಿಕೋಟಿನೊಳಗಿಂದ ಕೇಳುತ್ತಿದ್ದಾಳೆ, ಬಿಡಿಸಿಡ್ತಾನಾ, ಹೇಳಿ, ಬೀದಿಯವರು, ಡಿಪೋದವರು, ನೆಂಟರು, ಎಲ್ಲರೂ ಸುಮ್ಮನಾಗಿದ್ದಾರೆ, ಗಡ್ಡ ಹೆರೆದ ಅಪ್ಪ, ಗಡ್ಡ ಬೋಳಿಸಿದ ತಮ್ಮ, ಗ್ರಹಣ ಬಿಟ್ಟಿತು, ನಕ್ಕರು, ನಕ್ಕ, ಮಡಿಸಿದ ಸ್ವೆಟರು, ನಾನಿಲ್ಲ ಅಂತ ತುಕ್ಕು ಹಿಡಿಸಬೇಡ, ನೀ ತಿನ್ನು — ಅವನಿಗೆ ಗೊತ್ತಿತ್ತು, ಆರು ವರ್ಷಕ್ಕೇ ಗೊತ್ತಿತ್ತು, ಕಾಲುಗಳ ನಡುವೆ ಕೂತು ತೊಳೆ ತಿನ್ನುತ್ತಲೇ ಎಲ್ಲ ಕೇಳಿಸಿಕೊಂಡಿದ್ದ, ಶೀತವೂ ಅಲ್ಲ ಗೀತವೂ ಅಲ್ಲ, ಆ ದೇಶ ದೂರದಲ್ಲಿದೆ, ಒಂಟಿ ಕೋಣೆ ದೂರದಲ್ಲಿದೆ, ಕಳಿಸಿದರೆ, ಕಳಿಸಿದ ಮೇಲೆ, ಎಂದು ಇವರೆಲ್ಲ ಮಾತಾಡುತ್ತಿದ್ದಾರೆ, ಅವನು ಅಷ್ಟು ಕಾಯುವುದಿಲ್ಲ, ಅವನು ನಿನ್ನೆಯೇ ಹೊರಟಿದ್ದಾನೆ. ಬಿಡಿಸಿಡ್ತಾರೆ ಸ್ವಾಮಿ, ಎನ್ನುತ್ತಾಳೆ. ಏನೆಂದಿರಿ. ಬಿಡಿಸಿಡ್ತಾರೆ. ನಮ್ಮಪ್ಪ ಬಿಡಿಸಿಟ್ಟೇ ಹೋದ್ರು. ಎದೆನೋವಲ್ಲ, ಅವರೇ ಮಾಡಿಕೊಂಡಿದ್ದು, ಆವತ್ತು ಬೆಳಿಗ್ಗೆ ನಗ್ತಾ ಇದ್ರು, ನಮಗೆ ಹಣ್ಣು ಬಿಡಿಸಿ ನಾರು ತೆಗೆದು ಮುಚ್ಚಿಟ್ಟು ಹೋದ್ರು, ನಿನ್ನೆ ಇವನು ಅದನ್ನೇ ಮಾಡಿದಾನೆ, ಆ ದೇಶಕ್ಕೆ ಕಳಿಸ್ತೀರೋ ಬಿಡ್ತೀರೋ ಆಮೇಲೆ ನೋಡ್ಕೊಳಿ, ಇವತ್ತು ಮಾತ್ರ ಇವನನ್ನ ಒಬ್ಬನೇ ಬಿಡ್ಬೇಡಿ. ಹಿಂದಿನ ಬೆಂಚಿನಲ್ಲಿ ನೀರಿನ ಬಾಟಲಿ ನೆಲಕ್ಕೆ ಬಿದ್ದು ಉರುಳುತ್ತದೆ, ಉರುಳುತ್ತಲೇ ಇರುತ್ತದೆ, ಬೀಗಿತ್ತಿ ಎತ್ತಿಕೊಳ್ಳುವುದಿಲ್ಲ.

ಕಾಗದದ ಸದ್ದು, ಸರ್ಕಾರಿ ವಕೀಲರು ಕಡತದಿಂದ ಒಂದು ಹಾಳೆ ಎತ್ತುತ್ತಾರೆ, ಸಾಕ್ಷಿಯ ಕಡೆಯಿಂದಲೇ ಬಂದಿರುವ ಮರಣಪತ್ರ ಸ್ವಾಮಿ, ಹೃದಯಾಘಾತ ಎಂದು ಸ್ಪಷ್ಟವಾಗಿದೆ, ಕೇಸು ಕೈ ತಪ್ಪುವುದನ್ನು ಕಂಡು ತಂದೆಗೇ ಇನ್ನೊಂದು ಸಾವು ಹೊಲಿದಿದ್ದಾರೆ. ಅದು ಸುಳ್ಳು ಸ್ವಾಮಿ, ಆಗ ಬರೆಸಿದ್ದು, ಎಲ್ಲರೂ ಸೇರಿ, ಹಾಗಾದರೆ ಆಗ ಸುಳ್ಳೋ ಈಗ ಸುಳ್ಳೋ, ಎನ್ನುತ್ತಾರೆ ಅವರು, ಎಷ್ಟು ಚೆನ್ನಾಗಿ ಹೊಲಿದಿದ್ದರು ಅಮ್ಮ ಚಿಕ್ಕಪ್ಪ ಸೇರಿ, ಒಂದು ಎಳೆಯೂ ಸಡಿಲವಿಲ್ಲ, ಬಿಚ್ಚಲು ಹೋದರೆ ಬೆರಳಿಗೆ ಏನೂ ಸಿಗುತ್ತಿಲ್ಲ. ನ್ಯಾಯಾಧೀಶರು ಕಟಕಟೆಯ ಕಡೆ ನೋಡುತ್ತಾರೆ, ನೀವೇ ಹೇಳಿ, ನಿಮ್ಮ ತಂದೆ ಹೇಗೆ ತೀರಿಕೊಂಡರು. ತಮ್ಮ ಏಳುತ್ತಾನೆ. ಅವಳನ್ನು ನೋಡುತ್ತಾನೆ, ಕೋಪವಿಲ್ಲ, ಅಷ್ಟು ಅಕ್ಕರೆ ಆ ಮುಖದಲ್ಲಿ ಎಂದೂ ಕಂಡಿರಲಿಲ್ಲ, ಅಪ್ಪ ಹಾರ್ಟಲ್ಲಿ ಹೋದ್ರು ಸಾರ್, ಎನ್ನುತ್ತಾನೆ, ಒಳಕೋಣೆಯಲ್ಲಿ ಕಲಿಸಿದ ಅದೇ ರಾಗದಲ್ಲಿ, ಹೋದ್ರು ಎಂಬಲ್ಲಿ ಸ್ವರ ತುಸು ಇಳಿಸಿ, ಅಕ್ಕಂಗೆ ನನ್ನ ಮೇಲೆ ಪ್ರಾಣ, ಅದಕ್ಕೆ ಹೀಗೆಲ್ಲ ಹೇಳ್ತಾಳೆ, ಅವಳನ್ನ ಕಳಿಸಿಬಿಡಿ ಸಾರ್, ಬೆಳಗ್ಗಿಂದ ಏನೂ ತಿಂದಿರಲ್ಲ. ಕೇಳಿ ಸ್ವಾಮಿ, ಅವನನ್ನ ಕೇಳಿ, ಎನ್ನುತ್ತಾಳೆ ಅವಳು, ಆವತ್ತಿನಿಂದ ಅವನು ಕಿತ್ತಳೆ ತಿಂದಿದಾನಾ ಕೇಳಿ, ಒಂದೇ ಒಂದು ತೊಳೆ. ಸರ್ಕಾರಿ ವಕೀಲರು ಏನೋ ಹೇಳಲು ಹೆಗಲೆತ್ತುತ್ತಾರೆ, ನ್ಯಾಯಾಧೀಶರು ಕೈ ತೋರಿ ತಡೆಯುತ್ತಾರೆ, ತಿಂದಿದ್ದೀರಾ. ತಿಂದಿದ್ದೇನೆ ಎಂದು ಒಂದು ಸುಳ್ಳು ಹೇಳಿಬಿಟ್ಟರೆ ಅಲ್ಲಿಗೆ ಮುಗಿಯಿತು, ಅಷ್ಟು ಸುಲಭ, ಹೇಳಬೇಡವೋ ಕಂದ, ದಮ್ಮಯ್ಯ ಹೇಳಬೇಡ, ತಮ್ಮ ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಾನೆ, ಉಗುರಿನ ಸಂದಿಯಲ್ಲಿ ಇನ್ನೂ ಹಳದಿ ಇದೆ, ಪೊಲೀಸಪ್ಪ ಅದನ್ನೇ ನೋಡುತ್ತ ಒಂದು ಹೆಜ್ಜೆ ಹತ್ತಿರ ಬರುತ್ತಾನೆ, ಅವನ ತೋಳನ್ನು ಹಿಡಿಯುತ್ತಾನೆ, ಹಿಡಿದೇ ಇರುತ್ತಾನೆ, ನ್ಯಾಯಾಧೀಶರು ಕಾಯುತ್ತಾರೆ, ಎಲ್ಲರೂ ಕಾಯುತ್ತಾರೆ, ಅವಳು ನೀರು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಾಳೆ, ಮನೆ ತುಂಬ ಕಾಲುಗಳು, ಕಾಲುಗಳ ನಡುವೆ ಸ್ಟೀಲಿನ ತಟ್ಟೆ, ತಟ್ಟೆಯಲ್ಲಿ ಅವಳ ಪಾಲು, ಒಂದು ಎಳೆಯೂ ಇಲ್ಲ, ಒಂದು ಎಳೆ ನಾರೂ ಇಲ್ಲ, ಬರಿಮೈಯ ತೊಳೆ, ಹೊಳೆಯುವ ತೊಳೆ, ತಟ್ಟೆಯಲ್ಲಿ, ತೊಳೆ